ಹೆಪ್ಪು ಹಾಕಿದ ಔಷಧಿ

ಹದಿನಾಲ್ಕು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಜನರ ಮಲದ ಬಗ್ಗೆ ಪ್ರಶ್ನೆ ಕೇಳಿ. ಇದನ್ನು ನಾಜೂಕಾಗಿ ಹೇಳುವ ದಾರಿ ಯಾವುದೂ ಇಲ್ಲ. ಎಷ್ಟು ಸಲ ಹೋಯಿತು, ರಕ್ತ ಬಿತ್ತಾ, ತಡೆದುಕೊಳ್ಳಲು ಆಯಿತಾ, ಬಟ್ಟೆ ಕೆಟ್ಟಿತಾ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಬಸ್ಸುಗಳಲ್ಲಿ ನೇತಾಡಿಕೊಂಡು ಹೋಗಿ, ಬಾಗಿಲು ತಟ್ಟಿ, ನೀರು ಕುಡಿದು, ಇದನ್ನೇ ಕೇಳಿದೆ. ಮೊನ್ನೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯೊಬ್ಬಳು ಫೋನ್ ಮಾಡಿ, "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಟಿಪ್ಸ್ ಅಂತೆ! ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ. "ಚಪ್ಪಲಿ ಒಳ್ಳೇದು ತಗೋ ಕಣಮ್ಮ" ಅಂದು ಫೋನ್ ಇಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಅವಳಿಗೆ ಹೇಳಬೇಕಾದದ್ದು ಚಪ್ಪಲಿ ವಿಷಯವಲ್ಲ, ಹನುಮಕ್ಕ ಮತ್ತು ಓಬಳಮ್ಮನ ವಿಷಯ. ಈಗ ಬರೆಯುತ್ತಿದ್ದೇನೆ, ಓದಿಕೊಳ್ಳಲಿ.

ಮೊದಲು ಕಾಯಿಲೆ ಏನೆಂದು ಹೇಳುತ್ತೇನೆ. ಹೆಂಗಸರ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ, ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ಕೊಡುತ್ತಾರೆ. ನಮ್ಮ ಕಡೆ ಅದಕ್ಕೆ 'ಕರೆಂಟ್ ಕೊಡೋದು' ಅಂತಲೇ ಹೆಸರು. ಕ್ಯಾನ್ಸರ್ ಹೋಗುತ್ತದೆ, ಆದರೆ ಅದರ ಹಿಂದೆಯೇ ಇರುವ ಗುದನಾಳಕ್ಕೂ ಝಳ ಬಡಿಯುತ್ತದೆ. ಕೆಲವರಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಳಗಿನ ಪೊರೆ ತೆಳುವಾಗಿ, ಕೆಂಪಾಗಿ, ರಕ್ತ ಒಸರಲು ಶುರುವಾಗುತ್ತದೆ. ಡಾಕ್ಟರುಗಳು ಪ್ರಾಕ್ಟೈಟಿಸ್ ಅನ್ನುತ್ತಾರೆ. ಕ್ಯಾನ್ಸರನ್ನೇ ಗೆದ್ದು ಬಂದವರು ಇದರ ಕೈಯಲ್ಲಿ ಹೈರಾಣಾಗುತ್ತಾರೆ. ಮೂಲವ್ಯಾಧಿ ಅಂದುಕೊಂಡು, ಗೋಡೆ ಮೇಲೆ ಹೆಸರು ಬರೆಸಿಕೊಂಡ ಪೈಲ್ಸ್ ಡಾಕ್ಟರ ಹತ್ತಿರ ಹೋಗಿ, ಸುಟ್ಟ ಜಾಗವನ್ನೇ ಮತ್ತೆ ಸುಡಿಸಿಕೊಂಡವರನ್ನೂ ನೋಡಿದ್ದೇನೆ. ಹಾಗೆ ಎರಡು ಸಲ ಸುಟ್ಟ ಗಾಯ ಮಾಯುವುದಿಲ್ಲ. ಸಿದ್ದರಬೆಟ್ಟದ ಬೇರು ಅರೆದು ಕುಡಿದು ನನ್ನ ಹತ್ತಿರ ಬಾಯಿ ಬಿಡದವರಿಗಂತೂ ಲೆಕ್ಕವಿಲ್ಲ.

ನಮ್ಮ ಅಧ್ಯಯನ ಸರಳವಾಗಿತ್ತು. ಹೊಟ್ಟೆ ಹುಣ್ಣಿಗೆ ಕುಡಿಸುವ ಒಂದು ಬಿಳಿ ಔಷಧಿಯನ್ನು ಎನಿಮಾದಂತೆ ಕೆಳಗಿನಿಂದ ಕೊಟ್ಟರೆ ರಕ್ತ ನಿಲ್ಲುತ್ತದೆಯೇ ಅಂತ ನೋಡುವುದು. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇರುವ ಸಪ್ಪೆ ಬಾಟಲಿ. ಯಾವುದರಲ್ಲಿ ಏನಿದೆ ಅಂತ ರೋಗಿಗೂ ತಿಳಿಯದು, ನನಗೂ ತಿಳಿಯದು, ನಮ್ಮ ದೊಡ್ಡ ಡಾಕ್ಟರ್ ಮೇಡಂಗೂ ತಿಳಿಯದು. ಬಾಟಲಿ ಮೇಲೆ ನಂಬರ್ ಮಾತ್ರ. ನಂಬರಿನ ಗುಟ್ಟು ಲಕೋಟೆಗಳಲ್ಲಿ, ಲಕೋಟೆಗಳು ಬೀರುವಿನಲ್ಲಿ. ಇದನ್ನು ಸಹಿ ಹಾಕಿಸಿಕೊಳ್ಳುವಾಗಲೇ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ತಲೆ ಆಡಿಸುತ್ತಿದ್ದರು. ತಲೆ ಆಡಿಸಿದವರಿಗೆಲ್ಲ ಅರ್ಥವಾಗಿದೆ ಅಂದುಕೊಂಡದ್ದು ನನ್ನ ಮೊದಲನೇ ದಡ್ಡತನ.

ಎರಡನೆಯದು ಪ್ರಶ್ನೆಗಳದ್ದು. ಯಾರೋ ಪಟ್ಟಣದಲ್ಲಿ ಕೂತು ಕನ್ನಡ ಮಾಡಿದ ಹಾಳೆ. "ಮಲವಿಸರ್ಜನೆಯ ತುರ್ತು ಸ್ಥಿತಿ ದಿನಕ್ಕೆ ಎಷ್ಟು ಬಾರಿ ಉಂಟಾಗುತ್ತದೆ?" ನಾನು ಗಿಣಿಯಂತೆ ಓದುತ್ತಿದ್ದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು, "ಅಂತಾದ್ದೆಲ್ಲ ನಮ್ಗಿಲ್ಲ ಬುಡಮ್ಮ" ಅನ್ನುತ್ತಿದ್ದರು. ನಾನು 'ಇಲ್ಲ' ಅಂತ ಗುರುತು ಹಾಕುತ್ತಿದ್ದೆ. ಎರಡು ತಿಂಗಳ ಹಾಳೆ ನೋಡಿ ಡಾಕ್ಟರ್ ಮೇಡಂ ಕನ್ನಡಕ ತೆಗೆದರು.

"ಏನ್ ಸಿಸ್ಟರ್, ನಾಲ್ಕು ತಾಲ್ಲೂಕಿಗೂ ವಾಸಿಯಾಗ್ಬಿಟ್ಟಿದೆಯಲ್ಲ? ಅಂಗಡಿ ಮುಚ್ಚೋಣ್ವಾ?"

ಆ ಬಾಯಿಗೆ ಹೆದರದವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ನಾನು ಬೇರೆ ಥರ ಕೇಳಿದೆ. "ಹೊಲದಿಂದ ಮನೆ ಮುಟ್ಟೋಗಂಟ ತಡ್ಕೊಳಕ್ಕಾಯ್ತದಾ?" ಆಗ ನೋಡಿ, ಕಟ್ಟೆ ಒಡೆದಂತೆ ಮಾತು ಬಂತು. ಮದುವೆ ಮನೆಗೆ ಹೋಗುವುದು ಬಿಟ್ಟವರು, ಬಸ್ ಹತ್ತುವ ದಿನ ಬೆಳಗಿನಿಂದ ಹನಿ ನೀರು ಕುಡಿಯದವರು, ಕಪ್ಪು ಸೀರೆ ಬಿಟ್ಟು ಬೇರೆ ಉಡದವರು. ಒಬ್ಬೊಬ್ಬರದು ಕೇಳಿ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ರಕ್ತದ ಲೆಕ್ಕಕ್ಕೆ ದಾರಿ ತೋರಿಸಿದವರು ಶಿರಾದ ಖಾದರ್ ಸಾಬರು. ಟೈಲರ್, ಪ್ರಾಸ್ಟೇಟ್‌ಗೆ ಕರೆಂಟ್ ಕೊಡಿಸಿಕೊಂಡವರು. ದಿನಾ ತುಂಬಿಸಲಿ ಅಂತ ನಾವು ಕೊಟ್ಟ ಡೈರಿಯನ್ನು ಬಿಡಿಸಿಯೇ ಇರಲಿಲ್ಲ. "ಸಿಸ್ಟರಮ್ಮ, ಈ ಉಮರ್‌ನಲ್ಲಿ ಹೆಣ್ಮಕ್ಕಳ ಮುಂದೆ ಇದೆಲ್ಲ ಬಾಯಿಬಿಟ್ಟು ಹೇಳಕ್ಕೆ ಶರಮ್ ಆಯ್ತದೆ" ಅಂದು ಒಂದು ಬಿಸ್ಕತ್ ಡಬ್ಬಿ ಮುಂದಿಟ್ಟರು. ಒಳಗೆ ಕೆಂಪು ಗುಂಡಿಗಳು. ರಕ್ತ ಬಿದ್ದ ದಿನ ಒಂದು ಗುಂಡಿ. "ಎಣಿಸ್ಕಳಿ. ಇದೇ ನಮ್ಮ ಹಿಸಾಬ್." ಎಣಿಸಿದೆ. ನಾಲ್ಕು ತಾಲ್ಲೂಕಿನಲ್ಲಿ ನನಗೆ ಸಿಕ್ಕ ಮೊದಲ ಸತ್ಯವಾದ ಲೆಕ್ಕ ಅದು.

ಓದು ಬಾರದ ಹೆಂಗಸರಿಗೆಲ್ಲ ನಾನೂ ಒಂದೊಂದು ಡಬ್ಬಿ ಕೊಟ್ಟೆ. ಗುಂಡಿಯ ಬದಲು ಹುಣಸೆ ಬೀಜ. ರಕ್ತ ಬಿದ್ದ ದಿನ ಒಂದು ಬೀಜ ಹಾಕಬೇಕು. ಬಾಟಲಿಗಳು ಅದಲುಬದಲಾಗದಿರಲಿ ಅಂತ ಅವುಗಳ ಕತ್ತಿಗೆ ಬಣ್ಣದ ದಾರ ಕಟ್ಟಿದೆ. ದಾರವನ್ನೂ ಖಾದರ್ ಸಾಬರೇ ಕೊಟ್ಟರು. ಡಾಕ್ಟರ್ ಮೇಡಂ ಮೊದಲ ಸಲ "ಪರವಾಗಿಲ್ವೇ" ಅಂದರು. ನಾನು ಹಿಗ್ಗಿದೆ. ಹಿಗ್ಗಬಾರದಿತ್ತು.

ಹನುಮಕ್ಕ ಐ.ಡಿ.ಹಳ್ಳಿಯವಳು, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಟ್ಟಿಗಿತ್ತಿ, ಬಾಯಿ ಜೋರು. ಓಬಳಮ್ಮ ಪಾವಗಡದ ಕಡೆಯ ಹಳ್ಳಿಯವಳು, ಸೋಲಾರ್ ಪ್ಲಾಂಟಿನಲ್ಲಿ ಪ್ಲೇಟ್ ತೊಳೆಯುವ ಕೆಲಸದಲ್ಲಿದ್ದಳು. ಅಲ್ಲಿ ಮೈಲಿಗಟ್ಟಲೆ ಪ್ಲೇಟುಗಳು, ಕಕ್ಕಸು ಮಾತ್ರ ಎಲ್ಲೋ ಗೇಟಿನ ಹತ್ತಿರ. ಈ ಕಾಯಿಲೆ ಶುರುವಾದ ಮೇಲೆ ಕೆಲಸ ಬಿಟ್ಟಳು. ಹೇಗಿದ್ದೀಯ ಅಂದರೆ ಅವಳದು ಒಂದೇ ಉತ್ತರ, "ಏಮೀ ಲೇದಮ್ಮಾ, ಬಾಗುಂದಿ." ಏನೂ ಇಲ್ಲ, ಚೆನ್ನಾಗಿದೆ. ಮುಖ ನೋಡಿದರೆ ಸುಣ್ಣದ ಗೋಡೆ.

ಇಬ್ಬರೂ ಒಟ್ಟಿಗೆ ಕರೆಂಟ್ ಕೊಡಿಸಿಕೊಂಡವರು. ಆರು ವಾರ ಅಕ್ಕಪಕ್ಕದ ಮಂಚ, ಒಂದೇ ತಟ್ಟೆಯಲ್ಲಿ ಊಟ. ಅಕ್ಕ ತಂಗಿ ಅಂತಲೇ ಕರೆದುಕೊಳ್ಳುತ್ತಿದ್ದರು. "ನಮ್ಮಿಬ್ರುಗೂ ಒಂದೇ ದಿನ ಬರೋಂಗೆ ಮಾಡಿ ನರ್ಸಮ್ಮ, ಮಾತಾಡ್ಕೊಂಡು ಬತ್ತೀವಿ" ಅಂದರು. ಪಾಪ ಅನ್ನಿಸಿ ತಿಂಗಳಿಗೊಮ್ಮೆ ಮಧುಗಿರಿಯ ಆಸ್ಪತ್ರೆಗೆ ಒಂದೇ ದಿನ ಬರಹೇಳಿದೆ. ಹನುಮಕ್ಕನ ಬಾಟಲಿಗೆ ಕೆಂಪು ದಾರ, ಓಬಳಮ್ಮನದಕ್ಕೆ ನೀಲಿ. ವಾಪಸು ಹೋಗುವಾಗ ಓಬಳಮ್ಮ ಐ.ಡಿ.ಹಳ್ಳಿಯಲ್ಲಿ ಇಳಿದು, ಅಕ್ಕನ ಮನೆಯಲ್ಲಿ ಒಂದು ದಿನ ಇದ್ದು ಹೋಗುವುದು ರೂಢಿಯಾಯಿತು.

ಮೊದಲ ತಿಂಗಳು ಕಳೆಯಿತು. ಹನುಮಕ್ಕನ ಡಬ್ಬಿಯಲ್ಲಿ ನಾಲ್ಕೇ ಬೀಜ. ಓಬಳಮ್ಮನದರಲ್ಲಿ ಹದಿನೇಳು. ಔಷಧಿ ಶುರುವಾಗುವ ಮುಂಚಿನ ತಿಂಗಳು ಇಪ್ಪತ್ತಾರಿತ್ತು, ಅಂದರೆ ಇಳಿಯುತ್ತಾ ಇತ್ತು. ಆದರೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ಇಬ್ಬರೂ ಡಬ್ಬಿ ಸುರಿದುಕೊಂಡು ನೋಡಿದಾಗ ಅವರಿಗೆ ಕಂಡದ್ದು ನಾಲ್ಕು ಮತ್ತು ಹದಿನೇಳು. ಪುಸ್ತಕದಲ್ಲಿ ಬರೆದಿದ್ದರೆ ಒಬ್ಬರದು ಒಬ್ಬರಿಗೆ ಕಾಣುತ್ತಿರಲಿಲ್ಲ. ಕಾಣುವ ಹಾಗೆ ಮಾಡಿಟ್ಟವಳು ನಾನು. ನಕ್ಕುಕೊಂಡು ಹಾಳೆಗೆ ಬರೆದುಕೊಂಡೆ. ಎರಡನೇ ತಿಂಗಳು ಓಬಳಮ್ಮನದು ಹತ್ತೊಂಬತ್ತಾಯಿತು. ಕಾಯಿಲೆ ಒಮ್ಮೊಮ್ಮೆ ಹಾಗೇ ಅಂದುಕೊಂಡೆ.

ಮೂರನೇ ತಿಂಗಳ ನಡುವೆ, ಹೇಳದೆ ಕೇಳದೆ ಐ.ಡಿ.ಹಳ್ಳಿಗೆ ಹೋದೆ. ಹನುಮಕ್ಕ ಶಾಲೆಯಿಂದ ಬಂದು ಸೊಪ್ಪು ಸೋಸುತ್ತಿದ್ದಳು. ಗೂಡಿನಲ್ಲಿ ಬಾಟಲಿಗಳು ಸಾಲಾಗಿದ್ದವು, ಕೆಂಪು ದಾರ ಕಟ್ಟಿಕೊಂಡು. ಒಂದನ್ನು ತಿರುಗಿಸಿ ನಂಬರ್ ನೋಡಿದೆ. ಓಬಳಮ್ಮನ ನಂಬರ್. ಇನ್ನೊಂದು ನೋಡಿದೆ. ಅದೂ ಓಬಳಮ್ಮನದೇ.

"ಹನುಮಕ್ಕಾ, ಇದೇನಿದು?"

ಅವಳಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ. ಖುಷಿಯಿಂದಲೇ ಹೇಳಿದಳು. "ಅವ್ಳ ಔಸ್ದಿ ಯಾಕೋ ಹಿಡೀತಿರ್ಲಿಲ್ಲ ಕಣಮ್ಮ. ನಂದು ಚೆನ್ನಾಗೈತಲ್ಲ, ಹೋದ ತಿಂಗ್ಳು ಒಂದೊಂದು ಲೋಟ ಅವ್ಳದಕ್ಕೆ ಹೆಪ್ಪು ಹಾಕ್ದೆ."

"ಹೆಪ್ಪಾ?"

"ಊಂ. ಹಾಲು ಕೆಟ್ಟದ್ದಲ್ಲ, ಹೆಪ್ಪು ಸರಿಗಿಲ್ದಿದ್ರೆ ಮೊಸರಾಗಾಕಿಲ್ಲ, ಅಂಗೇಯ. ಜಾಗ ಆಗ್ಲಿ ಅಂತ ಅವ್ಳದ್ರಲ್ಲಿ ಒಂದ್ಲೋಟ ತೆಗೆದು ನನ್ನದಕ್ಕೆ ಉಯ್ಕಂಡೆ, ಚೆಲ್ಬಾರದಲ್ಲ? ಆದ್ರೂ ಹೆಪ್ಪು ಹತ್ಲಿಲ್ಲ ನೋಡಿ. ಅದ್ಕೆ ಈ ಸಲ ನನ್ನವೆಲ್ಲ ಅವ್ಳಿಗೇ ಕೊಟ್ಬುಟ್ಟು ಅವ್ಳವು ನಾನು ಇಟ್ಕಂಡೆ. ನಿಮ್ಗೆ ಗೊತ್ತಾದ್ರೆ ಬೈತೀರಾ ಅಂತ ದಾರ ಬದ್ಲಾಯಿಸ್ದೆ."

"ನಿನಗೆ ಬೇಡ್ವಾ ಔಷಧಿ?"

"ನಂಗೆ ವಾಸಿಯಾಯ್ತಲ್ಲಮ್ಮ. ತಂಗಿ ಅಲ್ಲಿ ರಕ್ತ ಸುರಿಸ್ಕಂಡು ಕೂತಿರುವಾಗ ಒಳ್ಳೇದು ನಾನೊಬ್ಳೇ ಮಡಿಕ್ಕಂಡ್ರೆ ದೇವ್ರು ಮೆಚ್ತಾನಾ?"

ಇಬ್ಬರ ಊರಿನಲ್ಲೂ ಪಕ್ಕದ ಮನೆಯಲ್ಲಿ ಹಾಲು ಹೆಪ್ಪಾಗದಿದ್ದರೆ ತಮ್ಮ ಮನೆಯ ಒಂದು ಚಮಚ ಮೊಸರು ಕೊಡದವರಿಲ್ಲ. ಕೇಳಿ ಬಂದವರಿಗೆ ಹೆಪ್ಪು ಇಲ್ಲ ಅನ್ನಬಾರದು. ಅವಳ ಕಣ್ಣಿಗೆ ಅದೂ ಬಿಳಿ, ಇದೂ ಬಿಳಿ. ಇನ್ನು ಮುಂದೆ ಹೀಗೆ ಮಾಡಬೇಡ ಅಂತ ಗದರಿ ಬಸ್ ಹತ್ತಿದೆ.

ಈಗ ನನ್ನ ತಪ್ಪು ಬರೆಯಬೇಕು. ಅವತ್ತೇ ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಇಬ್ಬರನ್ನೂ ಅಧ್ಯಯನದಿಂದ ತೆಗೆಯುತ್ತಾರೆ, ಪುಕ್ಕಟೆ ಔಷಧಿ, ತಪಾಸಣೆ ಎಲ್ಲ ನಿಂತುಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಒಂದೇ ದಿನ ಬರಹೇಳಿದವಳು ನಾನು, ಬೀಜದ ಡಬ್ಬಿ ಕೊಟ್ಟವಳು ನಾನು, ದಾರ ಕಟ್ಟಿದವಳು ನಾನು. "ಪರವಾಗಿಲ್ವೇ" ಅಂದ ಬಾಯಲ್ಲಿ ಬೈಸಿಕೊಳ್ಳಲು ಮನಸ್ಸಾಗಲಿಲ್ಲ. ಓಬಳಮ್ಮನ ಊರಿಗೆ ಹೋಗಿಬರುವುದಕ್ಕೆ ಒಂದಿಡೀ ದಿನ ಬೇಕು, ಮಂಡಿ ಬೇರೆ ನೋವು. ಇನ್ನು ಹದಿನೈದು ದಿನಕ್ಕೆ ಅವರೇ ಬರುತ್ತಾರೆ, ಸರಿಯಾದ ಬಾಟಲಿ ನಾನೇ ಕೈಯಾರೆ ಕೊಟ್ಟರಾಯಿತು ಅಂದುಕೊಂಡೆ. ಯಾರಿಗೂ ಕೇಡು ಬಯಸಿದವಳಲ್ಲ ನಾನು, ಸುಸ್ತಾಗಿದ್ದೆ ಅಷ್ಟೆ. ಈ ಕೆಲಸದಲ್ಲಿ ಸುಸ್ತೂ ಒಂದು ಕೇಡೇ ಕಣಮ್ಮ, ಇದನ್ನು ಬರೆದಿಟ್ಟುಕೋ.

ಹದಿನೈದನೇ ದಿನ ಹನುಮಕ್ಕ ಒಬ್ಬಳೇ ಬಂದಳು. ಬೇವಿನ ಮರದ ಕೆಳಗೆ ಕೂತು ಗೇಟನ್ನೇ ನೋಡುತ್ತಿದ್ದಳು. ಹನ್ನೊಂದರ ಹೊತ್ತಿಗೆ ಓಬಳಮ್ಮನ ಅಳಿಯನ ಫೋನ್ ಬಂತು. ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಬಿಟ್ಟಿದ್ದಾಳೆ, ಸೀರೆಯೆಲ್ಲ ರಕ್ತ, ಮೈಯಲ್ಲಿ ರಕ್ತವೇ ಇಲ್ಲ ಅಂತ ಆಸ್ಪತ್ರೆಯವರು ಹೇಳುತ್ತಿದ್ದಾರೆ. ಹನುಮಕ್ಕ ನನ್ನ ಕೈ ಹಿಡಿದುಕೊಂಡಳು. "ನನ್ನ ಒಳ್ಳೇ ಔಸ್ದಿ ಎಲ್ಲ ಕೊಟ್ಟಿದ್ನಲ್ಲ ನರ್ಸಮ್ಮ, ಆದ್ರೂ ಯಾಕಿಂಗಾಯ್ತು?"

ನಾನು ನೇರ ಡಾಕ್ಟರ್ ಮೇಡಂ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಯಾವತ್ತು ಗೊತ್ತಾಯ್ತು ನಿಮಗೆ?"

"ಹದಿನೈದು ದಿನ ಆಯ್ತು ಮೇಡಂ."

"ಹದಿನೈದು ದಿನ ಏನ್ ಮಾಡ್ತಿದ್ರಿ ಸಿಸ್ಟರ್?"

ಅಷ್ಟೇ ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು. ಆಂಬುಲೆನ್ಸಿಗೆ, ರಕ್ತಕ್ಕೆ ಫೋನ್ ಮಾಡಿದರು, ಬೀರುವಿನಿಂದ ಎರಡೂ ಲಕೋಟೆ ತರಿಸಿ ಒಡೆದರು. ಓಬಳಮ್ಮನ ನಂಬರಿನದು ನಿಜವಾದ ಔಷಧಿ. ಹನುಮಕ್ಕನದು ಸಪ್ಪೆ.

ನಾನು ಕೇಳಿದೆ, "ಹಂಗಾದ್ರೆ ಹನುಮಕ್ಕನಿಗೆ ವಾಸಿಯಾಗಿದ್ದು?"

"ಕೆಲವರಿಗೆ ತಾನಾಗೇ ಮಾಯುತ್ತೆ. ಅದಕ್ಕೇ ಅಲ್ವಾ ಸಪ್ಪೆ ಬಾಟಲಿ ಇಡೋದು?" ಅಂದರು. ಆಮೇಲೆ ಇಬ್ಬರ ಹೆಸರೂ ತೆಗೆಯುತ್ತೀರಾ ಅಂತ ಕೇಳಿದೆ. "ಯಾಕ್ ತೆಗೀಬೇಕು? ಏನಾಯ್ತೋ ಅದನ್ನ ಆದ ಹಾಗೆ ಬರೀರಿ. ಚಿಕಿತ್ಸೆ ಯಾರಿಗೂ ನಿಲ್ಲಲ್ಲ" ಅಂದರು. ಯಾವ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆನೋ ಆ ಭಯಕ್ಕೆ ಬುಡವೇ ಇರಲಿಲ್ಲ.

ಓಬಳಮ್ಮನಿಗೆ ನಾಲ್ಕು ಬಾಟಲಿ ರಕ್ತ ಹೋಯಿತು. ಆಗ ನಮ್ಮ ಆಸ್ಪತ್ರೆಯಲ್ಲಿದ್ದ ಪದ್ಧತಿಯಂತೆ ಅರಿವಳಿಕೆ ಕೊಟ್ಟು, ಫಾರ್ಮಲಿನ್‌ನಲ್ಲಿ ಅದ್ದಿದ ಬಟ್ಟೆಯನ್ನು ರಕ್ತ ಒಸರುವ ಜಾಗಕ್ಕೆ ಒತ್ತಿ ಹಿಡಿದರು. ಈಗ ಕ್ಯಾಮೆರಾ ನಳಿಕೆ ಹಾಕಿ ಗ್ಯಾಸಿನ ಶಾಖದಿಂದ ನೋಡಿ ನೋಡಿ ಸುಡುತ್ತಾರೆ. ಕರೆಂಟ್ ಕೊಡುವ ಮಿಷನ್ನುಗಳೇ ಸುಧಾರಿಸಿವೆ, ಪಕ್ಕಕ್ಕೆ ಝಳ ಕಡಿಮೆ. ಈಗ ಕೆಲಸಕ್ಕೆ ಸೇರಿದ ನೀನು ಪುಣ್ಯವಂತೆ, ಒಳ್ಳೆಯ ಕಾಲದಲ್ಲಿ ಬಂದಿದ್ದೀಯ. ಓಬಳಮ್ಮ ಎರಡು ಸಲ ಅದನ್ನು ಮಾಡಿಸಿಕೊಂಡು, ಹಲ್ಲು ಕಚ್ಚಿಕೊಂಡು ಮಲಗಿದ್ದು, ಕೊನೆಗೆ ಉಳಿದಳು.

ಚಿಕಿತ್ಸೆ ಬದಲಾಯಿಸಿದ್ದರಿಂದ ಅವಳಿಗೆ ನಿಜ ಹೇಳಲೇಬೇಕಿತ್ತು. ಡಾಕ್ಟರ್ ಮೇಡಂ ಮಂಚದ ಪಕ್ಕ ಕೂತು ಹೇಳಿದರು. ಹದಿನೈದು ದಿನದ ವಿಷಯ ನಾನು ಹೇಳಿದೆ, ನನ್ನ ಬಾಯಲ್ಲೇ. ಓಬಳಮ್ಮ ನನ್ನ ಸೆರಗು ಹಿಡಿದೆಳೆದು ಮೆಲ್ಲಗೆ ಅಂದಳು, "ಅಕ್ಕಕಿ ಚೆಪ್ಪೊದ್ದಮ್ಮಾ. ಅಕ್ಕನಿಗೆ ಮಾತ್ರ ಹೇಳ್ಬ್ಯಾಡ್ರಿ. ಗೊತ್ತಾದ್ರೆ ಅವ್ಳು ಬದುಕಲ್ಲ."

ನಾನು ಹೇಳಲಿಲ್ಲ. ಅಧ್ಯಯನ ಮುಗಿದ ಮೇಲೆ ಯಾರಿಗೆ ಯಾವ ಬಾಟಲಿ ಬಂದಿತ್ತು ಅಂತ ಎಲ್ಲರಿಗೂ ಕಾಗದ ಹೋಗುತ್ತದೆ, ಆವಾಗ ನೋಡಿಕೊಂಡರಾಯಿತು ಅಂತ ಅದನ್ನೂ ಮುಂದಕ್ಕೆ ತಳ್ಳಿದೆ. ಕಾಗದಗಳು ಹೋಗುವುದಕ್ಕೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ನಾನು ನಿವೃತ್ತಿಯಾಗಿ ಕೊರಟಗೆರೆಯ ಮನೆ ಸೇರಿದ್ದೆ.

ಹೋದ ವರ್ಷ ಒಂದು ಬೆಳಗ್ಗೆ ಹನುಮಕ್ಕ ನನ್ನ ಬಾಗಿಲಿಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೆರಗಿನ ಗಂಟಿನಿಂದ ಒಡೆಯದ ಲಕೋಟೆ ತೆಗೆದಳು. "ಆಸ್ಪತ್ರೇದು. ಮನ್ಯಾಗೆ ಹುಡುಗ್ರು ಓದ್ತೀವಿ ಅಂದ್ವು. ಈ ಕಾಯ್ಲೆ ಇಸ್ಯ ಅವುಕ್ಯಾಕೆ ಅಂತ ನಿಮ್ತಾವ ತಂದೆ. ಓದಿ ಯೋಳಿ."

ಒಡೆದೆ. ಎರಡೇ ಸಾಲು. ಸುಳ್ಳು ಓದಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ಸಲ ಬಾಯಿ ಮುಚ್ಚಿಕೊಂಡು ಏನಾಯಿತು ಅಂತ ನನಗೆ ಗೊತ್ತಿತ್ತು. ಇದ್ದದ್ದು ಇದ್ದ ಹಾಗೆ ಓದಿದೆ. ಅವಳ ಬಾಟಲಿಯಲ್ಲಿ ಔಷಧಿ ಇರಲಿಲ್ಲ. ಓಬಳಮ್ಮನದರಲ್ಲಿ ಏನಿತ್ತು ಅಂತ ಅವಳೇ ಕೇಳಿದಳು. ಹೇಳಿದೆ.

"ಅಂಗಾರೆ ನಾನು ಅವ್ಳ ಔಸ್ದಿಗೆ ನೀರುಯ್ದೆ. ಆಮ್ಯಾಕೆ ಕಿತ್ಕಂಡೇ ಬುಟ್ಟೆ" ಅಂದಳು.

"ನೀನಲ್ಲ ಹನುಮಕ್ಕಾ. ನಿನ್ನ ಮನೇಲಿ ಬಾಟಲಿ ನೋಡಿದ ಮೇಲೆ ಹದಿನೈದು ದಿನ ಸುಮ್ಮನಿದ್ದವಳು ನಾನು. ಅವತ್ತೇ ಹೇಳಿದ್ರೆ ಅವಳು ಬಸ್‌ಸ್ಟ್ಯಾಂಡಲ್ಲಿ ಬೀಳ್ತಿರಲಿಲ್ಲ. ತಪ್ಪು ನಂದು."

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಅವ್ಳಿಗೆ ಗೊತ್ತಾ?" ಅಂದಳು.

"ಗೊತ್ತು."

"ಯಾವಾಗಿಂದ?"

"ಆಸ್ಪತ್ರೇಲಿ ಮಲಗಿದ್ದಾಗಿಂದ."

ಆಗ ಅವಳ ಕಣ್ಣು ತುಂಬಿತು. "ಅಲ್ಲಮ್ಮಾ, ವರ್ಷ ವರ್ಷ ಬತ್ತಾಳೆ ನಮ್ಮನೇಗೆ. ಬಂದಾಗೆಲ್ಲ ಉಣ್ಣಾಕಿಕ್ಕಿದ್ರೆ, ನಿನ್ನ ಹೆಪ್ಪಿಂದಲೇ ಉಳ್ಕಂಡೆ ಕಣಕ್ಕಾ ಅಂತಾಳೆ. ನಾನು ಊರಿಗೆಲ್ಲ ಅಂಗಂತ ಯೋಳ್ಕಂಡು ತಿರುಗ್ದೆ!"

ಅತ್ತಳು. ನಾನೂ ಅತ್ತೆ. ಕಾಫಿ ಮಾಡಿ ಕೊಟ್ಟೆ, ಕುಡಿದಳು. ಹೊರಡುವಾಗ ಕಾಗದವನ್ನು ಮಡಿಸಿ ನನ್ನ ಕೈಗೇ ಇಟ್ಟಳು.

"ಇದು ನಿಮ್ತಾವ್ಲೇ ಇರ್ಲಿ ನರ್ಸಮ್ಮ. ನಂಗೆ ಗೊತ್ತಾಯ್ತು ಅಂತ ಅವ್ಳಿಗೆ ಯೋಳ್ಬ್ಯಾಡಿ. ಪಾಪ, ಅವ್ಳ ಮನ್ಸು ನೊಂದ್ಕತದೆ."

ಅದನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಅಂಥದೇ ಇನ್ನೊಂದು ಲಕೋಟೆ ಮೊದಲೇ ಇತ್ತು. ಅದಕ್ಕೆ ಒಂದು ವಾರ ಮುಂಚೆ ಪಾವಗಡದಿಂದ ಬಂದ ಓಬಳಮ್ಮ, ಅಕ್ಕನ ಕಣ್ಣಿಗೆ ಬೀಳುವುದು ಬೇಡ ಅಂತ ಕೊಟ್ಟು ಹೋಗಿದ್ದಳು.